ಅನ್ಯೋನ್ಯತೆ ಬರೀ ಚಹಾ ಕೂಟವಲ್ಲ: ಒಂದು ಸ್ಪಷ್ಟನೆ

ಗದಗ-ಬೆಟಗೇರಿಯ ನಮ್ಮ ಕ್ರೈಸ್ತ ಸಭೆಯವರ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ‘ಅನ್ಯೋನ್ಯತೆ ಎಂದರೆ ಆರಾಧನೆ ಮುಗಿದ ಮೇಲೆ ಕೂಡಿ ಚಹಾ ಕುಡಿಯುವುದು, ದುಡ್ಡುಕಾಸಿಗೂ ಅದಕ್ಕೂ ಸಂಬಂಧವಿಲ್ಲ.’ ಇದು ತಪ್ಪು.

ಬೈಬಲಿನ ಅಪೊಸ್ತಲರ ಕೃತ್ಯಗಳು 2:42ರಲ್ಲಿ ನಾವು ‘ಅನ್ಯೋನ್ಯತೆ’ ಎಂದು ಓದುವ ಮಾತಿಗೆ ಗ್ರೀಕ್ ಮೂಲದಲ್ಲಿ ‘ಕೊಯ್ನೋನಿಯ’ ಎಂದಿದೆ. ಅಂದರೆ ಪಾಲುಗಾರಿಕೆ. ರೋಮಾಪುರದವರಿಗೆ ಬರೆದ ಪತ್ರದ 15:26ರಲ್ಲಿ ಅಪೊಸ್ತಲ ಪೌಲನು ಇದೇ ಪದವನ್ನು ಹಣಕ್ಕೇ ಬಳಸುತ್ತಾನೆ: ಮಕೆದೋನ್ಯ, ಅಖಾಯದ ಸಭೆಗಳು ಯೆರೂಸಲೇಮಿನ ಬಡವರಿಗೆ ಕೂಡಿಸಿದ ಸಹಾಯಧನಕ್ಕೆ. 1 ಕೊರಿಂಥ 10:16ರಲ್ಲಿ ಕ್ರಿಸ್ತನ ದೇಹದಲ್ಲಿ ಪಾಲು ಹೊಂದುವುದಕ್ಕೂ ಅದೇ ಪದ. ಕರ್ತನ ಮೇಜು, ಅಂದರೆ ಯೇಸುವಿನ ನೆನಪಿನ ಪವಿತ್ರ ಭೋಜನ, ಬೇರೆ, ಬಡವನ ತಟ್ಟೆ ಬೇರೆ ಎನ್ನಲು ಇಲ್ಲಿ ಜಾಗವೇ ಇಲ್ಲ.

ಚಹಾ ಬೇಡವೆನ್ನುತ್ತಿಲ್ಲ, ನನಗೂ ಅದು ಪ್ರೀತಿಯೇ. ಆದರೆ ಹೋದ ಮಳೆಗಾಲದಲ್ಲಿ ನಮ್ಮ ಓಣಿಯ ನೇಕಾರಜ್ಜಿಯ ಮಗ್ಗದ ಕುಣಿಗೆ ನೀರು ನುಗ್ಗಿತ್ತು. ನಾಲ್ವರು ಕೊಡದಿಂದ ನೀರು ಎತ್ತಿದರು, ಒಬ್ಬಾಕೆ ತೊಯ್ದ ನೂಲನ್ನು ತನ್ನ ಮನೆಯಲ್ಲಿ ಒಣಹಾಕಿದಳು. ಅದನ್ನು ಅನ್ಯೋನ್ಯತೆ ಎನ್ನಲು ನನಗೆ ಸಂಕೋಚವಿಲ್ಲ. ಬರೀ ಕೂಡುವುದೇ ಅನ್ಯೋನ್ಯತೆಯಲ್ಲ: ಕೊರಿಂಥದ ಸಭೆಯಲ್ಲಿ ಕೂಡಿ ಉಣ್ಣುವುದಕ್ಕೇನೂ ಕೊರತೆ ಇರಲಿಲ್ಲ. ಒಬ್ಬ ಹಸಿದಿದ್ದ, ಇನ್ನೊಬ್ಬ ಕುಡಿದು ಅಮಲೇರಿದ್ದ. ಅದು ಕರ್ತನ ಭೋಜನವೇ ಅಲ್ಲ ಎಂದು ಪೌಲನು 1 ಕೊರಿಂಥ 11:20ರಲ್ಲಿ ನೇರವಾಗಿ ಬರೆದ.

ಆ ಸಂದೇಶ ಮುಂದೆ ಕಳಿಸಿದವರು ದಯವಿಟ್ಟು ಇದನ್ನೂ ಕಳಿಸಿ.