ಫಲ ಸಿಗದ ಸಂಶೋಧನೆಗಳೆಲ್ಲ ಎಲ್ಲಿ ಹೋಗುತ್ತವೆ?

‘ಹೊಸ ಅಧ್ಯಯನದಿಂದ ತಿಳಿದುಬಂದಿದೆ’ ಅಂತ ಶುರುವಾಗುವ ಸುದ್ದಿಗಳನ್ನು ನೀವೂ ದಿನಾ ನೋಡುತ್ತೀರಿ. ಇದನ್ನು ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದಂತೆ. ಹೀಗೆ ಪಾಠ ಮಾಡಿದರೆ ಮಕ್ಕಳು ಬೇಗ ಕಲಿಯುತ್ತಾರಂತೆ. ಹೀಗೆ ಓಡಿದರೆ ಮಂಡಿ ನೋಯುವುದಿಲ್ಲವಂತೆ. ಎಲ್ಲದರಲ್ಲೂ ಏನೋ ಒಂದು ಏರಿರುತ್ತದೆ, ಇಲ್ಲವೇ ಏನೋ ಒಂದು ಇಳಿದಿರುತ್ತದೆ. ‘ವರ್ಷಗಟ್ಟಲೆ ನೋಡಿದೆವು, ಯಾವ ವ್ಯತ್ಯಾಸವೂ ಕಾಣಲಿಲ್ಲ’ ಎಂಬ ಸುದ್ದಿಯನ್ನು ಕೊನೆಯ ಸಲ ಯಾವಾಗ ಓದಿದಿರಿ?

ನನಗೆ ಸಂಶೋಧನಾ ಪೇಪರ್ ಓದುವ ಹುಚ್ಚು. ಶಿಕ್ಷಣ, ಕ್ರೀಡೆ, ಸಾರ್ವಜನಿಕ ಆರೋಗ್ಯ, ಮನೋವಿಜ್ಞಾನ, ಯಾವುದು ಸಿಕ್ಕಿದರೂ ಸರಿ. ಓದುತ್ತಾ ಹೋದಂತೆ ಒಂದು ಅನುಮಾನ ಗಟ್ಟಿಯಾಯಿತು. ಈ ಸಂಶೋಧಕರು ಊಹಿಸಿದ್ದೆಲ್ಲ ನಿಜವಾಗುತ್ತದಲ್ಲ, ಅದು ಹೇಗೆ? ಗೊತ್ತಿಲ್ಲದ್ದನ್ನು ಹುಡುಕಲು ಹೊರಟವರಿಗೆ ಅರ್ಧಕ್ಕರ್ಧ ಸಲವಾದರೂ ಖಾಲಿ ಕೈ ಸಿಗಬೇಕು ಅಲ್ವಾ?

ಸಿಗುತ್ತದೆ. ಅದು ನಮ್ಮ ತನಕ ಬರುವುದಿಲ್ಲ, ಅಷ್ಟೇ.

ಇದನ್ನು ಲೆಕ್ಕ ಹಾಕಿ ತೋರಿಸಿದವರು ಎರಿಕ್ ಟರ್ನರ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯಲ್ಲಿ ಕೆಲಸ ಮಾಡಿದ್ದ ಮನೋವೈದ್ಯರು. ಔಷಧಿಗೆ ಒಪ್ಪಿಗೆ ಬೇಕಾದರೆ ಕಂಪನಿಗಳು ತಾವು ಮಾಡಿದ ಪ್ರಯೋಗಗಳ ವಿವರವನ್ನು ಆ ಸಂಸ್ಥೆಗೆ ಕೊಡಲೇಬೇಕು, ಗೆದ್ದದ್ದೂ ಸೋತದ್ದೂ. ಸಂಶೋಧನಾ ಪೇಪರ್‌ಗಳನ್ನು ಅಚ್ಚು ಹಾಕುವ ಜರ್ನಲ್‌ಗಳಿಗೆ ಅಂಥ ಕಟ್ಟುಪಾಡಿಲ್ಲ. ಟರ್ನರ್ ಮತ್ತು ಸಂಗಡಿಗರು 12 ಖಿನ್ನತೆ ಔಷಧಿಗಳ 74 ಪ್ರಯೋಗಗಳನ್ನು ತೆಗೆದುಕೊಂಡು, ಎಫ್‌ಡಿಎ ಕಡತದಲ್ಲಿ ಇರುವುದನ್ನೂ ಜರ್ನಲ್‌ನಲ್ಲಿ ಅಚ್ಚಾದದ್ದನ್ನೂ ಪಕ್ಕಪಕ್ಕ ಇಟ್ಟರು. 2008ರಲ್ಲಿ ಅದು ಪ್ರಕಟವಾಯಿತು.

ಎಫ್‌ಡಿಎ ಪ್ರಕಾರ 38 ಪ್ರಯೋಗಗಳಲ್ಲಿ ಔಷಧಿ ಗೆದ್ದಿತ್ತು. ಅವುಗಳಲ್ಲಿ 37 ಪ್ರಕಟವಾಗಿದ್ದವು. ಉಳಿದ 36ರಲ್ಲಿ ಫಲ ಸಿಕ್ಕಿರಲಿಲ್ಲ, ಅಥವಾ ಫಲ ಅನುಮಾನಾಸ್ಪದವಾಗಿತ್ತು. ಆ ಪೈಕಿ 22 ಅಚ್ಚೇ ಆಗಲಿಲ್ಲ. 11 ಅಚ್ಚಾದವು, ಆದರೆ ಓದಿದವರಿಗೆ ಔಷಧಿ ಗೆದ್ದ ಹಾಗೇ ಕಾಣುವಂತೆ ಬರೆದಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಬರೀ 3. ಜರ್ನಲ್ ನೋಡಿಕೊಂಡು ಔಷಧಿ ಬರೆಯುವ ವೈದ್ಯರ ಕಣ್ಣಿಗೆ ನೂರಕ್ಕೆ 94 ಪ್ರಯೋಗ ಗೆದ್ದಿವೆ. ಕಡತದಲ್ಲಿ ನೂರಕ್ಕೆ 51. (ಔಷಧಿ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಲು ಹೋಗಬೇಡಿ. ಔಷಧಿ ಕೆಲಸ ಮಾಡುತ್ತದೆ, ಆದರೆ ಪ್ರಚಾರವಾದಷ್ಟು ಅಲ್ಲ ಎಂಬುದೇ ಅವರಿಗೆ ಸಿಕ್ಕ ಉತ್ತರ.)

ಕಂಪನಿ ದುಡ್ಡಿನ ಆಟ, ಇನ್ನೇನು ಅಂತ ನೀವು ಅನ್ನಬಹುದು. ದುಡ್ಡೇ ಇಲ್ಲದ ಕಡೆಯೂ ಇದೇ ಆಗುತ್ತದೆ, ನನಗೆ ಹೆಚ್ಚು ಬೇಸರ ತರಿಸುವುದು ಅದು.

ನನ್ನ ಗೆಳತಿಯೊಬ್ಬಳು ಶಿಕ್ಷಣ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಪಾಠ ಹೇಳುವ ಒಂದು ಹೊಸ ವಿಧಾನವನ್ನು ಕೆಲವು ತರಗತಿಗಳಲ್ಲಿ ಬಳಸಿ, ಉಳಿದ ತರಗತಿಗಳನ್ನು ಹಾಗೇ ಬಿಟ್ಟು, ಮಕ್ಕಳ ಅಂಕ ಹೋಲಿಸಿದಳು. ವ್ಯತ್ಯಾಸ ಬರಲಿಲ್ಲ. ನನ್ನ ಪ್ರಕಾರ ಅದು ಒಳ್ಳೆಯ ಸುದ್ದಿ. ಆ ವಿಧಾನಕ್ಕೆ ಬೇಕಾದ ತರಬೇತಿ, ಸಾಮಗ್ರಿ, ಶಿಕ್ಷಕರ ಸಮಯ ಎಲ್ಲ ಉಳಿಯಿತು. ಅವಳ ಗೈಡ್ ಹೇಳಿದ್ದು ಬೇರೆ. “ನೋಡಮ್ಮ, ಇದ್ರಲ್ಲಿ ರಿಸಲ್ಟೇ ಇಲ್ವಲ್ಲ. ಹುಡುಗರು, ಹುಡುಗಿಯರು ಅಂತ ಬೇರೆ ಮಾಡಿ ನೋಡು. ಅದೂ ಆಗ್ಲಿಲ್ಲ ಅಂದ್ರೆ ಬರೀ ಗಣಿತದ ಮಾರ್ಕ್ಸ್ ತಗೋ. ಏನಾದ್ರೂ ಸಿಗುತ್ತೆ.”

ಸಿಕ್ಕೇ ಸಿಗುತ್ತದೆ. ತಮಾಷೆ ಅಂದರೆ ಇದೇ. ಸಂಶೋಧನೆಯಲ್ಲಿ ಪಿ ವ್ಯಾಲ್ಯೂ ಅಂತ ಒಂದಿದೆ, ನಿಜಕ್ಕೂ ಏನೂ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಎಷ್ಟು ಎಂದು ಹೇಳುವ ಅಂಕಿ. ಅದು 0.05ಕ್ಕಿಂತ ಕಡಿಮೆ ಬಂದರೆ ‘ಮುಖ್ಯವಾದ ಫಲ’ ಎಂದು ಬರೆಯುವುದು ರೂಢಿ. ಅಂದರೆ ನಿಜಕ್ಕೂ ಏನೂ ಇಲ್ಲದಿದ್ದರೂ, ಇಪ್ಪತ್ತು ಸಲ ನೋಡಿದರೆ ಸುಮಾರು ಒಂದು ಸಲ ಏನೋ ಇದ್ದ ಹಾಗೆ ಕಾಣುತ್ತದೆ. ಒಂದೇ ಪ್ರಶ್ನೆ ಕೇಳಿದರೆ ಮೋಸ ಹೋಗುವ ಸಾಧ್ಯತೆ ಕಡಿಮೆ. ಹದಿನೆಂಟು ಪ್ರಶ್ನೆ ಕೇಳಿದರೆ, ಒಂದಲ್ಲ ಒಂದು ಸುಳ್ಳು ಫಲ ಸಿಗುವ ಸಾಧ್ಯತೆ ನೂರಕ್ಕೆ 60.

ಹದಿನೆಂಟು ಅಂತ ಸುಮ್ನೆ ಹೇಳಲಿಲ್ಲ. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತರು ಬೇಕಂತಲೇ ಒಂದು ಕಳಪೆ ಪ್ರಯೋಗ ಮಾಡಿಸಿದರು. 15 ಜನ, 18 ಅಳತೆಗಳು: ತೂಕ, ಕೊಲೆಸ್ಟ್ರಾಲ್, ನಿದ್ದೆ ಹೀಗೆ. ಒಂದು ಗುಂಪಿಗೆ ದಿನಾ ಸ್ವಲ್ಪ ಚಾಕೊಲೇಟ್. ಚಾಕೊಲೇಟ್ ತಿಂದವರು ಬೇಗ ತೂಕ ಇಳಿಸಿದರು ಅಂತ ಬಂತು! ದುಡ್ಡು ಕೊಟ್ಟರೆ ಅಚ್ಚು ಹಾಕುವ ಜರ್ನಲ್ ಒಂದು ಅದನ್ನು ಒಪ್ಪಿಕೊಂಡಿತು, ಹಲವು ದೇಶಗಳ ಪತ್ರಿಕೆಗಳು ಸುದ್ದಿ ಮಾಡಿದವು. ಎಷ್ಟು ಜನರ ಮೇಲೆ ಮಾಡಿದ್ದು ಅಂತ ಕೇಳುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಆಮೇಲೆ ಅವರೇ ಗುಟ್ಟು ಬಿಚ್ಚಿಟ್ಟರು. ಬೊಹಾನನ್ ಬೇಕಂತ ಮಾಡಿದ್ದನ್ನು ಆ ಗೈಡ್ ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಟ್ಟರು. ವಿದ್ಯಾರ್ಥಿನಿಗೆ ಪದವಿ ಸಿಗಬೇಕು, ಪೇಪರ್ ಅಚ್ಚಾಗಬೇಕು, ಮುಂದೆ ಕೆಲಸ ಸಿಗಬೇಕು. ಅವರ ಮೇಲೆ ನನಗೆ ಕೋಪವಿಲ್ಲ. ಅವರನ್ನು ಹಾಗೆ ಯೋಚಿಸುವಂತೆ ಮಾಡಿದ ಏರ್ಪಾಡಿನ ಮೇಲೆ ಇದೆ.

‘ಫಲವಿಲ್ಲ’ ಎಂಬ ಉತ್ತರ ಎಷ್ಟು ಜೀವ ಉಳಿಸಬಲ್ಲದು ಎನ್ನುವುದಕ್ಕೆ ಬೀಟಾ ಕ್ಯಾರೋಟಿನ್ ಕಥೆ ಕೇಳಬೇಕು. ಹಣ್ಣು ತರಕಾರಿ ಜಾಸ್ತಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಿದ್ದವು. ಅವರ ರಕ್ತದಲ್ಲಿ ಬೀಟಾ ಕ್ಯಾರೋಟಿನ್ ಹೆಚ್ಚಿರುತ್ತಿತ್ತು. ಕ್ಯಾರೆಟ್‌ಗೆ ಬಣ್ಣ ಕೊಡುವ ವಸ್ತು ಅದು. ಹಾಗಾದರೆ ಅದನ್ನೇ ಮಾತ್ರೆ ಮಾಡಿ ಕೊಡೋಣ ಅಂತ ಯಾರಿಗಾದರೂ ಅನಿಸುತ್ತದೆ. ಮಾತ್ರೆ ಅಗ್ಗ, ನೈಸರ್ಗಿಕ ಅನ್ನುವ ಹೆಸರೂ ಇದೆ, ಅಪಾಯ ಏನಿದ್ದೀತು?

ಪುಣ್ಯಕ್ಕೆ ಕೆಲವರು ಪರೀಕ್ಷೆ ಮಾಡಿದರು. ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ, ಕೆಲವರಿಗೆ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ಐದರಿಂದ ಎಂಟು ವರ್ಷ ಗಮನಿಸಿದರು. 1994ರಲ್ಲಿ ಉತ್ತರ ಬಂತು. ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು! ಅಮೆರಿಕದಲ್ಲಿ ಸಿಗರೇಟು ಸೇದುವವರು, ಬಿಟ್ಟವರು ಮತ್ತು ಕಲ್ನಾರಿನ ಕೆಲಸ ಮಾಡಿದವರ ಮೇಲೆ ನಡೆಯುತ್ತಿದ್ದ ಇನ್ನೊಂದು ಪ್ರಯೋಗದಲ್ಲೂ ಹೀಗೇ ಕಂಡಿತು. 18,314 ಜನರ ಆ ಪ್ರಯೋಗವನ್ನು 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ಫಿನ್ಲೆಂಡಿನವರು ‘ನಾವು ಅಂದುಕೊಂಡಿದ್ದು ಆಗಲಿಲ್ಲ, ಬಿಡಿ’ ಅಂತ ಕಡತ ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಸಿಗರೇಟು ಸೇದುವವರಿಗೆ ಇವತ್ತಿಗೂ ಯಾರೋ ಆ ಮಾತ್ರೆಯನ್ನು ಪ್ರೀತಿಯಿಂದ ಕೊಡುತ್ತಿದ್ದರೇನೋ.

ಒಳ್ಳೆಯ ಉದ್ದೇಶ ಇರುವ ಕಡೆಯೇ ಈ ಕಷ್ಟ ಜಾಸ್ತಿ. ದಾರಿ ತಪ್ಪುವ ಹದಿಹರೆಯದವರನ್ನು ಜೈಲಿಗೆ ಕರೆದುಕೊಂಡು ಹೋಗಿ, ಕೈದಿಗಳಿಂದ ಬೈಸಿ, ಹೆದರಿಸಿ ತರುವ ಕಾರ್ಯಕ್ರಮ 1970ರ ದಶಕದಲ್ಲಿ ಅಮೆರಿಕದಲ್ಲಿ ಜನಪ್ರಿಯವಾಯಿತು. ಟಿವಿಯವರಿಗಂತೂ ಹಬ್ಬ. ಸರಿಯಾಗಿ ಹೋಲಿಸಿ ನೋಡಿದ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿದಾಗ ಗೊತ್ತಾಗಿದ್ದು: ಜೈಲು ನೋಡಿ ಬಂದ ಮಕ್ಕಳೇ ಮುಂದೆ ಹೆಚ್ಚು ಅಪರಾಧ ಮಾಡಿದರು. ಏನೂ ಮಾಡದೆ ಸುಮ್ಮನಿದ್ದಿದ್ದರೆ ಅವರಿಗೆ ಒಳ್ಳೆಯದಾಗುತ್ತಿತ್ತು.

ಶಿಕ್ಷಣದಲ್ಲಿ ಇನ್ನೊಂದು ನಂಬಿಕೆ ಎಲ್ಲರಿಗೂ ಗೊತ್ತು. ಕೆಲವು ಮಕ್ಕಳು ನೋಡಿ ಕಲಿಯುತ್ತಾರೆ, ಕೆಲವರು ಕೇಳಿ, ಕೆಲವರು ಮಾಡಿ. ಅವರವರ ಶೈಲಿಗೆ ತಕ್ಕಂತೆ ಪಾಠ ಮಾಡಬೇಕು. ಕೇಳಲು ಎಷ್ಟು ಚೆನ್ನಾಗಿದೆ! ಇದು ನಿಜವಾಗಬೇಕಾದರೆ, ‘ನೋಡಿ ಕಲಿಯುವ’ ಮಗು ಚಿತ್ರದ ಪಾಠದಲ್ಲಿ ಹೆಚ್ಚು ಕಲಿಯಬೇಕು, ‘ಕೇಳಿ ಕಲಿಯುವ’ ಮಗು ಅದೇ ಚಿತ್ರದ ಪಾಠದಲ್ಲಿ ಹಿಂದೆ ಬೀಳಬೇಕು. 2008ರಲ್ಲಿ ನಾಲ್ವರು ಮನಶ್ಶಾಸ್ತ್ರಜ್ಞರು ಇದ್ದಬದ್ದ ಅಧ್ಯಯನಗಳನ್ನೆಲ್ಲ ಜಾಲಾಡಿದರು. ಹೀಗೆ ಅಡ್ಡಡ್ಡ ಹೋಲಿಸಿ ನೋಡಿದವು ತೀರಾ ಕಡಿಮೆ. ನೋಡಿದವುಗಳಲ್ಲೂ ಹೆಚ್ಚಿನವು ಆ ನಂಬಿಕೆಯನ್ನು ಎತ್ತಿಹಿಡಿಯಲಿಲ್ಲ. ಆದರೂ ಹಲವು ಕಡೆ ಶಿಕ್ಷಕರ ತರಬೇತಿಯಲ್ಲಿ ಇನ್ನೂ ಅದನ್ನೇ ಹೇಳಿಕೊಡುತ್ತಾರೆ. ‘ಇಲ್ಲ’ ಎಂಬ ಉತ್ತರ ಅಚ್ಚಾದರೂ ಸಾಕಾಗುವುದಿಲ್ಲ, ಯಾರಾದರೂ ಅದನ್ನು ಕೇಳಿಸಿಕೊಳ್ಳಬೇಕು.

ಕ್ರೀಡೆಯಲ್ಲೂ ಅಷ್ಟೇ. ಓಡುವ ಮೊದಲು ಸ್ನಾಯು ಎಳೆದು ಹಿಡಿದು ಸ್ಟ್ರೆಚಿಂಗ್ ಮಾಡಿದರೆ ಗಾಯ ಆಗುವುದಿಲ್ಲ ಅಂತ ಪಿಟಿ ಮೇಷ್ಟ್ರ ಕಾಲದಿಂದ ಕೇಳಿದ್ದೇವೆ. ಆಸ್ಟ್ರೇಲಿಯಾ ಸೇನೆಗೆ ಹೊಸದಾಗಿ ಸೇರಿದ 1,538 ಜನರನ್ನು ಎರಡು ಗುಂಪು ಮಾಡಿ 12 ವಾರ ನೋಡಿದರು. 2000ದಲ್ಲಿ ಫಲಿತಾಂಶ ಬಂತು. ಸ್ಟ್ರೆಚಿಂಗ್ ಮಾಡಿದವರಲ್ಲಿ ಕಾಲಿನ ಗಾಯ 158, ಮಾಡದವರಲ್ಲಿ 175. ಎರಡನೇ ಗುಂಪಿನಲ್ಲಿ ಜನವೂ ಸ್ವಲ್ಪ ಹೆಚ್ಚಿದ್ದರು, ಹಾಗಾಗಿ ವ್ಯತ್ಯಾಸ ಇಲ್ಲವೆಂದೇ ಲೆಕ್ಕ. ನಾನಂತೂ ಅದಾದ ಮೇಲೆ ಆ ಹೊತ್ತನ್ನು ನಿಧಾನವಾಗಿ ನಡೆಯಲು ಬಳಸುತ್ತೇನೆ.

ಹಾಗಂತ ‘ಇಲ್ಲ’ ಎಂದವರೆಲ್ಲ ಸರಿ ಅಂತಲೂ ಅಲ್ಲ. ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಬಾಸ್ಕೆಟ್‌ಬಾಲ್‌ನದ್ದು. ಸತತವಾಗಿ ಬುಟ್ಟಿಗೆ ಹಾಕುತ್ತಿರುವ ಆಟಗಾರ ಮುಂದಿನದ್ದನ್ನೂ ಹಾಕುತ್ತಾನೆ, ಅವನ ಕೈ ಕುದುರಿದೆ ಎಂದು ಆಟಗಾರರೂ ನೋಡುವವರೂ ನಂಬುತ್ತಾರೆ. 1985ರಲ್ಲಿ ಗಿಲೊವಿಚ್, ವ್ಯಾಲೋನ್, ಟ್ವೆರ್ಸ್ಕಿ ಎಂಬ ಮೂವರು ಲೆಕ್ಕ ಹಾಕಿ, ಇದು ಬರೀ ಭ್ರಮೆ ಎಂದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಪಾಠ ಮಾಡಿದರು. ಕೋಚ್‌ಗಳು ಒಪ್ಪಲಿಲ್ಲ, ಅವರನ್ನು ನೋಡಿ ವಿದ್ವಾಂಸರು ನಕ್ಕರು.

2018ರಲ್ಲಿ ಮಿಲ್ಲರ್ ಮತ್ತು ಸಾನ್ಹುರ್ಹೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಆ ಲೆಕ್ಕದಲ್ಲೇ ತೂತು ಇದೆ ಎಂದು ಪ್ರಕಟಿಸಿದರು. ಒಂದು ನಾಣ್ಯವನ್ನು ಮೂರು ಸಲ ಚಿಮ್ಮಿಸಿ. ತಲೆ ಬಿದ್ದ ಕೂಡಲೇ ಮತ್ತೆ ತಲೆ ಬಿದ್ದದ್ದು ಎಷ್ಟು ಪಾಲು ಅಂತ ಬರೆದಿಡಿ. (ಮೊದಲೆರಡು ಸಲ ತಲೆಯೇ ಬೀಳದ ಸಾಲು ಲೆಕ್ಕಕ್ಕಿಲ್ಲ.) ಹೀಗೆ ಎಷ್ಟೋ ಸಲ ಮಾಡಿ ಸರಾಸರಿ ತೆಗೆದರೆ ನೂರಕ್ಕೆ 50 ಬರಬೇಕು ಅನಿಸುತ್ತದೆ. ಬರುವುದು ಸುಮಾರು 42! ಕಾಗದದ ಮೇಲೆ ಎಂಟೂ ಸಾಧ್ಯತೆ ಬರೆದು ನೋಡಿ, ನನಗೂ ಬರೆದು ನೋಡುವ ತನಕ ನಂಬಿಕೆ ಬರಲಿಲ್ಲ. ಸಾಲು ತುಂಬಾ ಉದ್ದವಾದರೆ ಈ ಓರೆ ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ ಆಟಗಾರರು 50 ಮುಟ್ಟಿದ್ದಾರೆ ಎಂದರೆ ನಾಣ್ಯಕ್ಕಿಂತ ಚೆನ್ನಾಗಿಯೇ ಆಡಿದ್ದಾರೆ. ಹಳೆಯ ಡೇಟಾವನ್ನು ಸರಿಪಡಿಸಿ ನೋಡಿದರೆ ಕೈ ಕುದುರುವುದು ನಿಜವೆಂದೇ ಕಂಡಿತು.

ಇದು ನನ್ನ ಮಾತಿಗೆ ವಿರುದ್ಧವಾಗಲಿಲ್ಲವೇ ಎಂದು ಕೇಳಬಹುದು. ಇಲ್ಲ. 1985ರವರು ತಮ್ಮ ‘ಇಲ್ಲ’ವನ್ನು ಲೆಕ್ಕದ ಸಮೇತ ಅಚ್ಚು ಹಾಕಿದ್ದರಿಂದಲೇ 2018ರವರು ತಪ್ಪು ಹಿಡಿಯಲು ಆಯಿತು. ಮುಚ್ಚಿಟ್ಟದ್ದನ್ನು ಯಾರು ತಿದ್ದುತ್ತಾರೆ?

ಈಗ ಕೆಲವು ದಾರಿಗಳು ತೆರೆದುಕೊಂಡಿವೆ. ಪ್ರಯೋಗ ಶುರು ಮಾಡುವ ಮೊದಲೇ ಏನನ್ನು ಅಳೆಯುತ್ತೇವೆ ಎಂದು ಸಾರ್ವಜನಿಕವಾಗಿ ಬರೆದಿಡಬೇಕು ಎಂಬುದು ಒಂದು. ಅದಕ್ಕಾಗಿ ಅಮೆರಿಕ ಸರ್ಕಾರದ ಜಾಲತಾಣ 2000ದಲ್ಲಿ ಶುರುವಾಯಿತು. ಕಪ್ಲಾನ್ ಮತ್ತು ಇರ್ವಿನ್ ಎಂಬ ಇಬ್ಬರು ಹೃದಯರೋಗಕ್ಕೆ ಸಂಬಂಧಿಸಿದ, ಅಮೆರಿಕ ಸರ್ಕಾರದ ಹಣ ಪಡೆದ ದೊಡ್ಡ ಪ್ರಯೋಗಗಳನ್ನು ಹೋಲಿಸಿ 2015ರಲ್ಲಿ ವರದಿ ಕೊಟ್ಟರು. 2000ಕ್ಕಿಂತ ಮೊದಲು ಅಚ್ಚಾದ 30ರಲ್ಲಿ 17 ಪ್ರಯೋಗಗಳು ಲಾಭ ತೋರಿಸಿದ್ದವು. ಆಮೇಲಿನ 25ರಲ್ಲಿ ಬರೀ 2. ಇದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಆಟದ ನಿಯಮವನ್ನು ಮೊದಲೇ ಬರೆದಿಟ್ಟರೆ ಆಮೇಲೆ ಗೋಲ್‌ಪೋಸ್ಟ್ ಎತ್ತಿಕೊಂಡು ಓಡಲು ಆಗುವುದಿಲ್ಲವಲ್ಲ.

ಇನ್ನೊಂದು ದಾರಿ ನನಗೆ ಇನ್ನೂ ಇಷ್ಟ. ಪ್ರಯೋಗದ ಪ್ರಶ್ನೆ ಮತ್ತು ವಿಧಾನವನ್ನು ಮಾತ್ರ ನೋಡಿ ಜರ್ನಲ್ ಮೊದಲೇ ಒಪ್ಪಿಗೆ ಕೊಡುತ್ತದೆ. ಫಲ ಏನೇ ಬರಲಿ, ಅಚ್ಚು ಹಾಕುವುದು ಖಾತ್ರಿ. 2013ರಿಂದ ಜರ್ನಲ್‌ಗಳು ಒಂದೊಂದಾಗಿ ಇದನ್ನು ಶುರು ಮಾಡಿದವು. ಮನೋವಿಜ್ಞಾನದಲ್ಲಿ ಎರಡೂ ಬಗೆಯ ಪೇಪರ್‌ಗಳನ್ನು ಹೋಲಿಸಿದ 2021ರ ಅಧ್ಯಯನದಲ್ಲಿ, ಮಾಮೂಲಿ ಪೇಪರ್‌ಗಳಲ್ಲಿ ಶೇ. 96 ತಮ್ಮ ಊಹೆ ನಿಜ ಎಂದಿದ್ದವು. ಮೊದಲೇ ಒಪ್ಪಿಗೆ ಪಡೆದವುಗಳಲ್ಲಿ ಶೇ. 44. ಅರ್ಧಕ್ಕರ್ಧ ಖಾಲಿ ಕೈ ಅಂತ ನಾನು ಊಹಿಸಿದ್ದು ತೀರಾ ತಪ್ಪಾಗಿರಲಿಲ್ಲ.

ಪಿಎಚ್‌ಡಿಗೂ ಇದೇ ಕ್ರಮ ಬರಲಿ ಎನ್ನುವುದು ನನ್ನ ಆಸೆ. ಡೇಟಾ ಸಂಗ್ರಹಿಸುವ ಮೊದಲೇ ಪ್ರಶ್ನೆ ಮತ್ತು ವಿಧಾನಕ್ಕೆ ಅರ್ಧ ಅಂಕ ಕೊಟ್ಟುಬಿಡಲಿ. ವೈವಾದಲ್ಲಿ ‘ರಿಸಲ್ಟ್ ಏನು ಬಂತು’ ಎಂದು ಕೇಳುವ ಮೊದಲು ‘ಮೊದಲು ಬರೆದಿಟ್ಟದ್ದನ್ನೇ ಅಳೆದಿದ್ದೀರಾ’ ಎಂದು ಕೇಳಲಿ. ಸಂಶೋಧನೆಗೆ ಹಣ ಕೊಡುವವರು ಕೊನೆಯ ಕಂತನ್ನು ತಡೆದಿಟ್ಟು, ಫಲ ಇರಲಿ ಬಿಡಲಿ, ಪೂರ್ತಿ ವರದಿ ಎಲ್ಲರಿಗೂ ಸಿಗುವಂತೆ ಹಾಕಿದ ಮೇಲೆಯೇ ಬಿಡುಗಡೆ ಮಾಡಲಿ. ಕಾಗದದ ಕೆಲಸ ಜಾಸ್ತಿಯಾಗುತ್ತದೆ ಅಂತ ಸಂಶೋಧಕರು ಗೊಣಗುತ್ತಾರೆ, ಗೊತ್ತು. ಗೊಣಗಲಿ, ಆದರೆ ಪ್ರಯೋಗಕ್ಕೆ ತಮ್ಮ ರಕ್ತ, ಸಮಯ, ಮಕ್ಕಳ ತರಗತಿ ಎಲ್ಲ ಕೊಟ್ಟವರಿಗೆ ಕೊನೆಗೆ ಏನಾಯಿತು ಎಂದಾದರೂ ಹೇಳಬೇಕಲ್ಲ.