ಬಾರದ ಕಾಯಿಲೆಗೆ ಹಕ್ಕುದಾರರು ಯಾರು?

‘ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲೇ ಇದೆ’ ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಬೇಗ ಏಳಿ, ನಡೆಯಿರಿ, ಉಪ್ಪು ಕಮ್ಮಿ ಮಾಡಿ, ಚಿಂತೆ ಬಿಡಿ. ಸರಿಯೇ, ನಾನೂ ಕೈಲಾದಷ್ಟು ಪಾಲಿಸುತ್ತೇನೆ. ಆದರೆ ಈ ಉಪದೇಶದ ಬೆನ್ನಿಗೇ ಬಾಯಿಬಿಟ್ಟು ಹೇಳದ ಇನ್ನೊಂದು ಮಾತು ಇರುತ್ತದೆ: ಕಾಯಿಲೆ ಬಿದ್ದೆಯಾ, ಹಾಗಾದರೆ ತಪ್ಪು ನಿನ್ನದೇ.

ಪೆಟ್ರೋಲಿನಲ್ಲಿದ್ದ ಸೀಸದ ಕಥೆ ನೋಡಿ. ಎಂಜಿನ್ ಬಡಿತ ತಗ್ಗಿಸಲೆಂದು 1920ರ ದಶಕದಲ್ಲಿ ಪೆಟ್ರೋಲಿಗೆ ಸೀಸ ಬೆರೆಸಲು ಶುರು ಮಾಡಿದರು. ಅದು ಹೊಗೆಯಲ್ಲಿ ಹೊರಬಂದು ಮಕ್ಕಳ ರಕ್ತ ಸೇರಿತು, ಮಿದುಳಿನ ಬೆಳವಣಿಗೆಯನ್ನೇ ಕುಂದಿಸಿತು. ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಯಾವ ತಾಯಿ ಎಷ್ಟು ಶಿಸ್ತಾಗಿದ್ದರೆ ಇದನ್ನು ತಪ್ಪಿಸಬಹುದಿತ್ತು? ಉಸಿರಾಡಬೇಡ ಅಂತ ಮಗುವಿಗೆ ಹೇಳಲಾದೀತೆ? ಅದನ್ನು ನಿಲ್ಲಿಸಿದ್ದು ಕಾನೂನು. ಅದೂ ಎಷ್ಟು ನಿಧಾನವಾಗಿ! ಕೊನೆಯದಾಗಿ ಅಲ್ಜೀರಿಯದಲ್ಲಿ ವಾಹನಗಳಿಗೆ ಸೀಸದ ಪೆಟ್ರೋಲ್ ಮಾರುವುದು ನಿಂತದ್ದು 2021ರಲ್ಲಿ. ಕಲ್ಲಿನ ದೂಳು ಕುಡಿದು ಕಲ್ಲು ಕೊರೆಯುವವರಿಗೆ ಬರುವ ಸಿಲಿಕೋಸಿಸ್ ಕೂಡ ಇದೇ ಜಾತಿಯದು. ಶ್ವಾಸಕೋಶಕ್ಕೆ ಒಮ್ಮೆ ತಗುಲಿದರೆ ವಾಸಿಯಾಗುವುದಿಲ್ಲ, ಆದರೆ ನೀರು ಹಾಯಿಸಿ ಕೊರೆದರೆ ಏಳುವ ದೂಳು ಬಹಳಷ್ಟು ಕಡಿಮೆಯಾಗುತ್ತದೆ. ನೀರಿನ ವ್ಯವಸ್ಥೆ ಮಾಡಬೇಕಾದವನು ಮಾಲೀಕ, ಬುದ್ಧಿಮಾತು ಕೇಳಿಸಿಕೊಳ್ಳುವವನು ಕೂಲಿಯವನು.

ಆರೋಗ್ಯ ಮಾನವ ಹಕ್ಕು ಅಂದ ತಕ್ಷಣ ನಮ್ಮ ಕಣ್ಣಮುಂದೆ ಬರುವುದು ಆಸ್ಪತ್ರೆ, ಹಾಸಿಗೆ, ಬಿಲ್ಲು. 1966ರ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೇ ವಿಧಿ ಓದಿ ನೋಡಿ. ಸರ್ಕಾರಗಳು ಏನು ಮಾಡಬೇಕು ಅಂತ ನಾಲ್ಕು ಅಂಶ ಹೇಳುತ್ತದೆ. ಮೊದಲನೆಯದು ಶಿಶುಮರಣ ತಗ್ಗಿಸುವುದು, ಎರಡನೆಯದು ಪರಿಸರ ಮತ್ತು ಕೈಗಾರಿಕೆಗಳ ನೈರ್ಮಲ್ಯ, ಮೂರನೆಯದು ಸಾಂಕ್ರಾಮಿಕ, ಔದ್ಯೋಗಿಕ ಮತ್ತಿತರ ರೋಗಗಳ ತಡೆ, ಚಿಕಿತ್ಸೆ, ನಿಯಂತ್ರಣ. ಕಾಯಿಲೆ ಬಿದ್ದವರಿಗೆಲ್ಲ ವೈದ್ಯಕೀಯ ಸೇವೆ ಸಿಗುವಂತೆ ಮಾಡುವುದು ನಾಲ್ಕನೆಯದು. ಹಕ್ಕು ಅನ್ನುವುದು ಆಸ್ಪತ್ರೆ ಬಾಗಿಲಿಗಿಂತ ಬಹಳ ಮುಂಚೆಯೇ ಶುರುವಾಗುತ್ತದೆ ಅಂತ ದೇಶಗಳೇ ಕೂತು ಬರೆದುಕೊಂಡಿವೆ. (ಅಮೆರಿಕ 1977ರಲ್ಲಿ ಸಹಿ ಹಾಕಿದ್ದು, ಇವತ್ತಿಗೂ ಅನುಮೋದಿಸಿಲ್ಲ. ಇರಲಿ.)

ಬರೆದುಕೊಂಡದ್ದನ್ನು ಮಾಡುವುದಿಲ್ಲ ಯಾಕೆ? ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಆಳುವವರಿಗೆ ಯಾಕಿಷ್ಟು ಪ್ರಿಯ? ನನಗೆ ತೋಚುವ ಕಾರಣ ಒಂದೇ. ಬಾರದ ಕಾಯಿಲೆಗೆ ಫಲಾನುಭವಿ ಅಂತ ಯಾರೂ ಇರುವುದಿಲ್ಲ. ಆಪರೇಷನ್ ಮಾಡಿಸಿಕೊಂಡವರು ವೈದ್ಯರನ್ನು ಸಾಯುವತನಕ ನೆನೆಯುತ್ತಾರೆ. ನಾರುಹುಣ್ಣು ಬಾರದೆ ಉಳಿದವರು ಯಾರನ್ನು ನೆನೆಯಬೇಕು? ಆ ಕಾಯಿಲೆ ತರುವ ಹುಳು ಕುಡಿಯುವ ನೀರಿನ ಮೂಲಕ ದೇಹ ಸೇರಿ, ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಒಂದು ಮೀಟರ್ ಬೆಳೆದು, ಕಾಲಿನ ಚರ್ಮ ಸೀಳಿಕೊಂಡು ಬರುತ್ತದೆ. ಉರಿ ತಾಳಲಾರದೆ ಕಾಲನ್ನು ಕೆರೆಗೆ ಇಳಿಸಿದರೆ ಅದರ ಮರಿಗಳು ಮತ್ತೆ ನೀರು ಸೇರುತ್ತವೆ. ಲಸಿಕೆ ಇಲ್ಲ, ವಾಸಿಮಾಡುವ ಔಷಧವೂ ಇಲ್ಲ. ಆದರೂ 1986ರಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ಕಾಯಿಲೆ 2023ರಲ್ಲಿ 14 ಮಂದಿಗೆ ಬಂತು. ನೀರು ಸೋಸುವ ಬಟ್ಟೆ, ಶುದ್ಧ ನೀರಿನ ಬಾವಿ, ಮನೆಮನೆಗೆ ಹೋಗಿ ಕೇಳುವ ಕಾರ್ಯಕರ್ತರು, ಬಹುಪಾಲು ಇಷ್ಟರಲ್ಲೇ ಆದ ಕೆಲಸ. ಬಟ್ಟೆಯ ಉದ್ಘಾಟನೆಗೆ ಯಾವ ಮಂತ್ರಿಯೂ ಬರುವುದಿಲ್ಲ ಬಿಡಿ. ರೋಗ ತಡೆಯಿಂದ ಇಡೀ ಸಮುದಾಯಕ್ಕೆ ದೊಡ್ಡ ಲಾಭವಾದರೂ ಒಬ್ಬೊಬ್ಬರ ಪಾಲಿಗೆ ಕಾಣುವ ಲಾಭ ತೀರಾ ಸಣ್ಣದು ಎಂಬ ವಿರೋಧಾಭಾಸವನ್ನು ಬ್ರಿಟನ್ನಿನ ಸಾಂಕ್ರಾಮಿಕ ರೋಗಶಾಸ್ತ್ರಜ್ಞ ಜೆಫ್ರಿ ರೋಸ್ 1980ರ ದಶಕದಲ್ಲೇ ತೋರಿಸಿಕೊಟ್ಟಿದ್ದರು.

ಹಾಗಂತ ರೋಗ ತಡೆಯ ಹೆಸರಲ್ಲಿ ಸರ್ಕಾರ ಏನು ಮಾಡಿದರೂ ಸೈ ಅನ್ನುವವನು ನಾನಲ್ಲ. ಕುಷ್ಠರೋಗ ತಡೆಯುತ್ತೇವೆಂದು ಜಪಾನ್ ರೋಗಿಗಳನ್ನು ದಶಕಗಟ್ಟಲೆ ದೂರದ ಕೇಂದ್ರಗಳಲ್ಲಿ ಕೂಡಿಹಾಕಿತು, ಅವರಿಗೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಿಸಿತು. 1940ರ ದಶಕದಲ್ಲೇ ಔಷಧ ಬಂದಿತ್ತು, ಕೂಡಿಹಾಕುವ ಕಾನೂನು ರದ್ದಾದದ್ದು 1996ರಲ್ಲಿ. ಅದು ಸಂವಿಧಾನಕ್ಕೆ ವಿರುದ್ಧವಾಗಿತ್ತು ಎಂದು ಕುಮಾಮೊಟೊ ನ್ಯಾಯಾಲಯ ಹೇಳುವ ಹೊತ್ತಿಗೆ 2001 ಬಂದಿತ್ತು. ಆರೋಗ್ಯ ಇಲಾಖೆಯವರು ‘ಸಮಾಜದ ಹಿತಕ್ಕಾಗಿ’ ಅಂದಾಗ ಯಾರ ಮೈಮೇಲೆ, ಯಾರ ಒಪ್ಪಿಗೆಯಿಂದ ಅಂತ ನಾನು ಮೊದಲು ಕೇಳುವುದು ಇದಕ್ಕೇ.

ಇನ್ನೂ ಕಾಯಿಲೆ ಬಾರದವರ ಪರವಾಗಿ ಕೋರ್ಟಿಗೆ ಹೋಗಿ ಗೆದ್ದವರೂ ಇದ್ದಾರೆ. ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವುದನ್ನು ನೆವಿರಪಿನ್ ಎಂಬ ಔಷಧ ಬಹಳಷ್ಟು ತಗ್ಗಿಸುತ್ತಿತ್ತು. ಹೆರಿಗೆ ವೇಳೆ ತಾಯಿಗೆ ಒಂದು ಡೋಸ್, ಹುಟ್ಟಿದ ಮಗುವಿಗೆ ಒಂದು ಡೋಸ್. ಐದು ವರ್ಷ ಬಿಟ್ಟಿ ಕೊಡುತ್ತೇವೆಂದು ಕಂಪನಿಯೇ ಮುಂದೆ ಬಂದಿತ್ತು. ಆದರೂ ದಕ್ಷಿಣ ಆಫ್ರಿಕಾ ಸರ್ಕಾರ ಅದನ್ನು ಪ್ರತಿ ಪ್ರಾಂತ್ಯದಲ್ಲಿ ಎರಡೇ ಪ್ರಾಯೋಗಿಕ ಕೇಂದ್ರಗಳಿಗೆ ಸೀಮಿತಗೊಳಿಸಿತು. ಟ್ರೀಟ್‌ಮೆಂಟ್ ಆ್ಯಕ್ಷನ್ ಕ್ಯಾಂಪೇನ್ ಎಂಬ ಸಂಘಟನೆ ದಾವೆ ಹೂಡಿತು. ಬಜೆಟ್ಟು, ನೀತಿ ಎಲ್ಲ ನಮಗೆ ಬಿಟ್ಟದ್ದು ಅಂತ ಸರ್ಕಾರ ವಾದಿಸಿತು. ಸಂವಿಧಾನದಲ್ಲಿರುವ ಆರೋಗ್ಯ ಸೇವೆಯ ಹಕ್ಕನ್ನೇ ಮುಂದಿಟ್ಟು, ವೈದ್ಯಕೀಯವಾಗಿ ಅಗತ್ಯವಿರುವ ಕಡೆಯೆಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧ ಸಿಗುವಂತೆ, ಕೂಡಲೇ, ಮಾಡಬೇಕೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2002ರ ಜುಲೈನಲ್ಲಿ ಆದೇಶಿಸಿತು.