ಮಂಗನ ಕಾಯಿಲೆ ಕಿಟ್‌ಗೆ ದುಡ್ಡು ಕೇಳೋಕೆ ಹೋಗುವ ಮುಂಚೆ

ಮಲೆನಾಡಿನಲ್ಲಿ ಹೆಲ್ತ್ ಸ್ಟಾರ್ಟಪ್ ಅಂತ ಹೊರಟವರಿಗೆ ಮಂಗನ ಕಾಯಿಲೆ ಕಣ್ಣಿಗೆ ಬೀಳೋದು ಸಹಜ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದ ಕಾಯಿಲೆ, ಊರಿನ ಹೆಸರನ್ನೇ ಹೊತ್ತುಕೊಂಡಿದೆ (ಕ್ಯಾಸನೂರು ಫಾರೆಸ್ಟ್ ಡಿಸೀಸ್). ಹಾಗಾಗಿ ಅದನ್ನ ಪತ್ತೆ ಮಾಡೋ ಟೆಸ್ಟ್ ಕಿಟ್‌ಗೆ ದುಡ್ಡು ಕೇಳೋಕೆ ಹೂಡಿಕೆದಾರರಿಗೆ ತೋರಿಸೋ ಸ್ಲೈಡುಗಳ ಕಟ್ಟು, ಅಂದ್ರೆ ಡೆಕ್, ಅದರ ಮೊದಲ ಸ್ಲೈಡಲ್ಲಿ ಸತ್ತ ಮಂಗ, ಎರಡನೇದರಲ್ಲಿ ಜ್ವರದಲ್ಲಿ ಮಲಗಿದ ಅಜ್ಜಿ, ಮೂರನೇದರಲ್ಲಿ ದೇಶದ ಡಯಾಗ್ನೋಸ್ಟಿಕ್ ಮಾರುಕಟ್ಟೆ ಇಷ್ಟು ಸಾವಿರ ಕೋಟಿ ಅನ್ನೋ ದೊಡ್ಡ ವೃತ್ತ. ಆ ವೃತ್ತವನ್ನ ಮೊದಲು ಕಿತ್ತು ಹಾಕಿ. ಹೂಡಿಕೆದಾರರು ಕೇಳೋದು ಬೇರೆ: "ಜೂನ್‌ನಿಂದ ಅಕ್ಟೋಬರ್ ತನಕ ಏನು ಮಾರ್ತೀರಿ?"

ಈ ಕಾಯಿಲೆಯ ಕಾಲ ಹೆಚ್ಚುಕಮ್ಮಿ ಡಿಸೆಂಬರ್‌ನಿಂದ ಮೇ. ಮಳೆ ಹಿಡಿದ ಮೇಲೆ ಬರೋ ಜ್ವರಗಳೇ ಬೇರೆ: ಡೆಂಗಿ, ಇಲಿ ಜ್ವರ. ಟೆಸ್ಟ್ ಸ್ಟ್ರಿಪ್ ಓದೋ ಅದೇ ಯಂತ್ರದಲ್ಲಿ (ರೀಡರ್) ಸ್ಟ್ರಿಪ್ ಮಾತ್ರ ಬದಲಾಯಿಸಿ ಅವನ್ನೂ ನೋಡಬಹುದಾದರೆ ಹೇಳೋಕೆ ವ್ಯಾಪಾರವಿದೆ. ಬರೀ ಮಂಗನ ಕಾಯಿಲೆ ಒಂದೇ ಅಂದ್ರೆ ಅದು ವಿಸಿಗಳ (ಷೇರು ತಗೊಂಡು ದುಡ್ಡು ಹಾಕೋ ವೆಂಚರ್ ಕ್ಯಾಪಿಟಲ್‌ನವರ) ಹತ್ತಿರ ಒಯ್ಯೋ ಸರಕಲ್ಲ, ಅನುದಾನದ ಸರಕು. ಅದರಲ್ಲಿ ನಾಚಿಕೆ ಪಡೋದೇನೂ ಇಲ್ಲ. ಬಯೋಟೆಕ್ ಸ್ಟಾರ್ಟಪ್‌ಗಳಿಗೆ ನೆರವಾಗೋ ಕೇಂದ್ರದ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆಯಲ್ಲಿ 50 ಲಕ್ಷದವರೆಗೆ ಸಿಗುತ್ತೆ, ಷೇರು ಬಿಟ್ಟುಕೊಡಬೇಕಾಗಿಲ್ಲ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ ಕೂಡ ಅನುದಾನವೇ.

ಇನ್ನು, ದುಡ್ಡು ಕೊಡೋರು ಯಾರು? ಈ ಕಾಯಿಲೆ ಹರಡೋ ಉಣುಗು ಹತ್ತದಂತೆ ಹಚ್ಚಿಕೊಳ್ಳೋ ಡೆಪಾ ಎಣ್ಣೆಯನ್ನೇ ಆರೋಗ್ಯ ಇಲಾಖೆ ಪುಕ್ಕಟೆ ಹಂಚುತ್ತೆ. ಅಂಥಾದ್ದರಲ್ಲಿ ಟೆಸ್ಟಿಗೆ ಮನೆಯವರು ಕೈಯಿಂದ 300 ರೂಪಾಯಿ ಕೊಡ್ತಾರೆ ಅಂತ ಬರೆದರೆ ಯಾರು ನಂಬ್ತಾರೆ? ಕಿಟ್ ಬಳಸೋದು ಆಶಾ ಕಾರ್ಯಕರ್ತೆ ಅಥವಾ ಲ್ಯಾಬ್ ಟೆಕ್ನೀಷಿಯನ್, ಬೇಕು ಅನ್ನೋದು ಡಾಕ್ಟ್ರು, ಖರೀದಿಸೋದು ಇಲಾಖೆ. ಲೆಕ್ಕವನ್ನ ಕೆಳಗಿಂದ ಕಟ್ಟಿ. ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಅನ್ನೋದು ಸರ್ಕಾರದ ಮಾನದಂಡ. ಎಷ್ಟು ಪಿಎಚ್‌ಸಿ, ತಿಂಗಳಿಗೆ ಎಷ್ಟು ಜ್ವರದ ಕೇಸು, ಕೇಸಿಗೆ ಎಷ್ಟು ರೂಪಾಯಿ. ಟೆಂಡರ್ ಆಗಿ ಮಾಲು ಕೊಟ್ಟ ಮೇಲೆ ಬಿಲ್ಲು ಆರು ತಿಂಗಳು ನಿಂತರೂ ಸಂಬಳ ಕೊಡುವಷ್ಟು ದುಡ್ಡು ನಿಮ್ಮ ಹಾಳೆಯಲ್ಲಿ ಕಾಣಬೇಕು.

ಡಾಕ್ಟ್ರ ಮುಂದೆ ಡೆಕ್ ಬಿದ್ದುಹೋಗೋದು ಮಾತ್ರ "ಶೇ 95 ನಿಖರತೆ" ಅನ್ನೋ ಸಾಲಿನಲ್ಲಿ. ಲೆಕ್ಕಕ್ಕೆ ಅಂತ 1,000 ಜ್ವರದ ರೋಗಿಗಳನ್ನ ತಗೊಳ್ಳಿ, ಅದರಲ್ಲಿ ನಿಜವಾಗಿ ಮಂಗನ ಕಾಯಿಲೆ ಇರೋದು 10 ಜನಕ್ಕೆ. ಸೆನ್ಸಿಟಿವಿಟಿ (ಕಾಯಿಲೆ ಇದ್ದವರನ್ನ ಹಿಡಿಯೋ ಪ್ರಮಾಣ), ಸ್ಪೆಸಿಫಿಸಿಟಿ (ಇಲ್ಲದವರಿಗೆ ಇಲ್ಲ ಅನ್ನೋ ಪ್ರಮಾಣ) ಎರಡೂ ಶೇ 95 ಇದ್ದರೆ ಆ 10ರಲ್ಲಿ ಒಂಬತ್ತೋ ಹತ್ತೋ ಸಿಗ್ತಾರೆ, ಸರಿ. ಆದರೆ ಉಳಿದ 990ರಲ್ಲಿ ಶೇ 5, ಅಂದ್ರೆ ಸುಮಾರು 50 ಜನಕ್ಕೂ "ಪಾಸಿಟಿವ್" ಬರುತ್ತೆ! ಪಾಸಿಟಿವ್ ಬಂದ ಆರು ಜನರಲ್ಲಿ ಕಾಯಿಲೆ ಇರೋದು ಒಬ್ಬರಿಗೆ. ಉಳಿದವರು ಹೊಸನಗರದ ಮೂಲೆಯಿಂದ ದಿನಗೂಲಿ ಬಿಟ್ಟು, ಬಸ್ಸು ಹಿಡಿದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಬೇಕು. ಮುಂದಿನ ಸಲ ಆಶಾ ಬಾಗಿಲಿಗೆ ಹೋದರೆ ಅವರು ಬೆರಳು ಕೊಡಲ್ಲ. ಆದ್ದರಿಂದ ಎರಡು ಅಂಕಿಗಳನ್ನೂ ಬೇರೆ ಬೇರೆ ಬರೆಯಿರಿ, ಎಷ್ಟು ಸ್ಯಾಂಪಲ್ ಮೇಲೆ ಅಂತ ಬರೆಯಿರಿ, ಪಾಸಿಟಿವ್ ಬಂದವರನ್ನ ಆರ್‌ಟಿ-ಪಿಸಿಆರ್‌ನಲ್ಲಿ ಖಚಿತಪಡಿಸೋ ಖರ್ಚನ್ನೂ ಸೇರಿಸಿ.

"ಡಾಕ್ಟ್ರು ಹೂಂ ಅಂದಿದ್ದಾರೆ" ಅನ್ನೋದು ಪೈಲಟ್ (ಪ್ರಾಯೋಗಿಕ ಬಳಕೆ) ಅಲ್ಲ. ಲಿಖಿತ ಅನುಮತಿ, ಎಥಿಕ್ಸ್ ಕಮಿಟಿ ಒಪ್ಪಿಗೆ, ಸ್ಯಾಂಪಲ್ ಯಾವ ಲ್ಯಾಬಿನದು, ಇಷ್ಟು ಇರಲಿ. 2017ರ ವೈದ್ಯಕೀಯ ಸಾಧನಗಳ ನಿಯಮದಲ್ಲಿ ಅಪಾಯಕ್ಕೆ ತಕ್ಕಂತೆ ಎ, ಬಿ, ಸಿ, ಡಿ ಅಂತ ವರ್ಗಗಳಿವೆ. ಎ, ಬಿ ತಯಾರಿಕೆಗೆ ಲೈಸೆನ್ಸ್ ಕೊಡೋದು ರಾಜ್ಯ, ಸಿ, ಡಿ ಆದರೆ ಕೇಂದ್ರ. ನಿಮ್ಮದು ಯಾವುದು, ಎಷ್ಟು ತಿಂಗಳು ಬೇಕು ಅನ್ನೋದಕ್ಕೆ "ಆಮೇಲೆ ನೋಡ್ತೀವಿ" ಅನ್ನೋ ಉತ್ತರ ಕೊಟ್ಟರೆ ಮೀಟಿಂಗ್ ಅಲ್ಲಿಗೇ ಮುಗೀತು.

ಜಿಲ್ಲಾ ಆರೋಗ್ಯಾಧಿಕಾರಿಗೆ ಇದೇ ಡೆಕ್ ಒಯ್ಯಬೇಡಿ. ಅವರಿಗೆ ನಿಮ್ಮ ಕಂಪನಿ ಎಷ್ಟು ಬೆಲೆ ಬಾಳುತ್ತೆ ಅನ್ನೋ ವ್ಯಾಲ್ಯುಯೇಷನ್ ಬೇಕಿಲ್ಲ. ಎರಡು ಹಾಳೆ ಸಾಕು: ಒಂದು ಟೆಸ್ಟಿಗೆ ಎಷ್ಟು ನಿಮಿಷ, ಎಂಟ್ರಿ ಯಾರು ಮಾಡಬೇಕು, ಕಿಟ್ ಕೆಟ್ಟರೆ ಯಾರಿಗೆ ಫೋನ್. ಆಶಾ ಕೈಗೆ ಇನ್ನೊಂದು ಆ್ಯಪ್ ಅಂದ ಕೂಡಲೇ ಅವರ ಮುಖ ಗಂಟಿಕ್ಕುತ್ತೆ, ಅದು ನ್ಯಾಯವೇ.

ಡೆಮೊ ವಿಷಯ. ಎಸಿ ರೂಮಿನಲ್ಲಿ ಚೆನ್ನಾಗಿ ಮೂಡಿದ ಗೆರೆ ಆಗುಂಬೆ ಜುಲೈನಲ್ಲಿ ಮೂಡುತ್ತಾ? ಪೊಟ್ಟಣ ಹರಿದ ಮೇಲೆ ಸ್ಟ್ರಿಪ್ ತೇವ ಎಳ್ಕೊಂಡರೆ ದ್ರವ ಸರಿಯಾಗಿ ಹರಿಯಲ್ಲ. ಟೆಸ್ಟ್ ಸರಿಯಾಗಿ ನಡೆದಿದೆ ಅಂತ ತೋರಿಸೋ ಕಂಟ್ರೋಲ್ ಗೆರೆಯೇ ಬಾರದಿದ್ದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ. ಕಿಟ್‌ಗಳನ್ನ 40 ಡಿಗ್ರಿ ಬಿಸಿ, ಶೇ 75 ತೇವಾಂಶದಲ್ಲಿಟ್ಟು ನೋಡಿದ ಫಲಿತಾಂಶ ಒಂದು ಸ್ಲೈಡಿಗೆ ಬರಲಿ, ವೃತ್ತ ಕಿತ್ತ ಜಾಗ ಖಾಲಿ ಇದೆಯಲ್ಲ. ಡೆಮೊವನ್ನ ಬ್ಯಾಟರಿಯಲ್ಲಿ, ನೆಟ್‌ವರ್ಕ್ ಆಫ್ ಮಾಡಿಯೇ ತೋರಿಸಿ. ಪೊಟ್ಟಣ ಅವರ ಎದುರಿಗೇ ಹರಿಯಿರಿ, ಎರಡು ಮೂರು ಹೆಚ್ಚಿಗೆ ಜೇಬಲ್ಲಿರಲಿ.